ಬ್ಯಾಡಗಿ ಸೀಮೆಯ ಒಂದು ಪ್ರಕರಣ: ಯೋನಿಯ ಶಿಲೀಂಧ್ರ ಸೋಂಕು ಮತ್ತು ಕ್ರೀಮಿನ ಸುರಕ್ಷಿತ ಬಳಕೆ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ 33 ವರ್ಷದ ಮಹಿಳೆಯೊಬ್ಬರು, ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಫೆಬ್ರುವರಿ ತಿಂಗಳಲ್ಲಿ, ತಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆಗೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದರು. ಜನನಾಂಗದಲ್ಲಿ ವಿಪರೀತ ತುರಿಕೆ, ಮೂತ್ರ ಮಾಡುವಾಗ ಹೊರಭಾಗದಲ್ಲಿ ಉರಿ ಹಾಗೂ ದಪ್ಪನೆಯ ಬಿಳಿ ಸ್ರಾವ ಅವರ ಮುಖ್ಯ ತೊಂದರೆಗಳಾಗಿದ್ದವು. ತೊಂದರೆ ಶುರುವಾಗಿ ಆಗಲೇ ಎರಡು ತಿಂಗಳು ಕಳೆದಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ರೋಗ ಅಪರೂಪದ್ದೇನಲ್ಲ. ಸುಮಾರು ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವ, ಸರಿಯಾದ ಔಷಧಕ್ಕೆ ಸಾಮಾನ್ಯವಾಗಿ ಬೇಗ ಬಗ್ಗುವ ಸೋಂಕು ಇದು. ಹೀಗಿದ್ದೂ ಎರಡು ತಿಂಗಳು ಮುಲಾಮು ಹಚ್ಚಿದವರಿಗೆ ಅದು ಏಕೆ ಬಗ್ಗಲಿಲ್ಲ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಹಿನ್ನೆಲೆ

ಇವರಿಗೆ ಇಬ್ಬರು ಮಕ್ಕಳು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ. ಆಶಾ ಕಾರ್ಯಕರ್ತೆ ಕೊಡುವ ನಿರೋಧ್ ಬಳಸುತ್ತಾರೆ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಬೆಳಿಗ್ಗೆ ಗೋಣಿಚೀಲದ ಮೇಲೆ ಕುಳಿತರೆ ಊಟದ ಹೊತ್ತು ಬಿಟ್ಟು ಸಂಜೆಯವರೆಗೆ ಏಳುವಂತಿಲ್ಲ. ಘಾಟು ತಡೆಯಲು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಾರಾದರೂ ಕೈಗೆ ಯಾವ ರಕ್ಷಣೆಯೂ ಇರುವುದಿಲ್ಲ. ಕೆಲಸದ ಜಾಗದಲ್ಲಿ ಅನುಕೂಲವಾದ ಶೌಚಾಲಯ ಇಲ್ಲದ್ದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಡಿಸೆಂಬರಿನಲ್ಲಿ ಕೆಮ್ಮು, ಜ್ವರ ಬಂದಾಗ ಒಂದು ವಾರ ಆಂಟಿಬಯಾಟಿಕ್ ಗುಳಿಗೆ ತೆಗೆದುಕೊಂಡಿದ್ದರು. ತುರಿಕೆ ಶುರುವಾದದ್ದು ಅದಾದ ಮೇಲೆಯೇ. ಯೋನಿಯಲ್ಲಿ ಸಹಜವಾಗಿ ಇರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಆಂಟಿಬಯಾಟಿಕ್‌ನಿಂದ ಕಡಿಮೆಯಾದಾಗ, ಅಲ್ಲೇ ತೊಂದರೆ ಕೊಡದೆ ಇದ್ದ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯಲು ಅವಕಾಶ ಸಿಗುವುದರಿಂದ, ಈ ಕ್ರಮದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಮೇಲೆ ನಡೆದದ್ದೇ ಕಾಯಿಲೆಯನ್ನು ಎಳೆದಾಡಿಸಿತು. ದವಾಖಾನೆಗೆ ಹೋಗಿ ತೋರಿಸಲು ಸಂಕೋಚಪಟ್ಟು ಗಂಡನಿಗೆ ಹೇಳಿದರು; ಅವರು ಔಷಧ ಅಂಗಡಿಯೊಂದರಲ್ಲಿ ‘ತುರಿಕೆಗೆ ಮುಲಾಮು’ ಎಂದಷ್ಟೇ ಕೇಳಿ ಒಂದು ಟ್ಯೂಬ್ ತಂದರು. ಹಚ್ಚಿದ ಎರಡು ಮೂರು ದಿನದಲ್ಲಿ ತುರಿಕೆ ನಿಂತಿತು, ಹಚ್ಚುವುದನ್ನು ಬಿಟ್ಟರು, ವಾರ ಕಳೆಯುವುದರೊಳಗೆ ಮೊದಲಿಗಿಂತ ಜೋರಾಗಿ ಮರಳಿತು. ಹೀಗೆ ಮೂರು ಟ್ಯೂಬ್ ಮುಗಿದಿದ್ದವು. ನಡುನಡುವೆ ಆಂಟಿಸೆಪ್ಟಿಕ್ ದ್ರಾವಣ ಬೆರೆಸಿದ ಬಿಸಿನೀರಿನಿಂದ ಒಳಗಿನವರೆಗೂ ತೊಳೆದುಕೊಳ್ಳುತ್ತಿದ್ದರು.

ನಮ್ಮಲ್ಲಿ ಬಂದಾಗ ಅವರು ಹೇಳಿದ ಮಾತು ಹೀಗಿತ್ತು: “ಮೇಡಂರೀ, ತಿಂಡಿ (ತುರಿಕೆ) ಬಿಡೋದು ಒಂದ್ ಕಡೆ ಇರ್ಲಿ, ಈಗ ಮುಲಾಮ ಹಚ್ಚಿದ್ರ ಸಾಕು ಬೆಂಕಿ ಬಿದ್ದಂಗ ಆಗತೈತ್ರಿ. ಆ ಔಷಧನ ನನಗ ಒಗ್ಗವಲ್ದು ಕಾಣಸ್ತೈತಿ.”

ಪರೀಕ್ಷೆಯಲ್ಲಿ ಕಂಡದ್ದು

ಜನನಾಂಗದ ಹೊರತುಟಿಗಳು ಕೆಂಪಾಗಿ ಊದಿಕೊಂಡಿದ್ದವು; ಚರ್ಮದ ಮಡಿಕೆಗಳಲ್ಲಿ ಕೂದಲೆಳೆಯಂತಹ ಬಿರುಕುಗಳಿದ್ದವು. ಒಳಗಿನ ಗೋಡೆಗೆ ಒಡೆದ ಹಾಲಿನ ಗಷ್ಟಿನಂತಹ ಬಿಳಿ ಪದರ ಅಂಟಿಕೊಂಡಿತ್ತು. ಕೆಟ್ಟ ವಾಸನೆ ಇರಲಿಲ್ಲ, ಹುಣ್ಣಾಗಲಿ ಗುಳ್ಳೆಗಳಾಗಲಿ ಇರಲಿಲ್ಲ, ಗರ್ಭಕೋಶದ ಬಾಯಿ ಆರೋಗ್ಯವಾಗಿತ್ತು, ಕೆಳಹೊಟ್ಟೆ ಒತ್ತಿದರೆ ನೋವಿರಲಿಲ್ಲ, ಜ್ವರವಿರಲಿಲ್ಲ. ಸ್ರಾವದ ಆಮ್ಲೀಯತೆಯನ್ನು ಕಾಗದದ ಪಟ್ಟಿಯಿಂದ ನೋಡಿದಾಗ ಪಿಎಚ್ 4ರ ಆಸುಪಾಸಿನಲ್ಲಿತ್ತು. ಗಾಜಿನ ಪಟ್ಟಿಯ ಮೇಲೆ ಸ್ರಾವಕ್ಕೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊಗ್ಗೊಡೆಯುತ್ತಿರುವ ಯೀಸ್ಟ್ ಕೋಶಗಳೂ ಅವುಗಳ ಉದ್ದನೆಯ ಎಳೆಗಳೂ ಸ್ಪಷ್ಟವಾಗಿ ಕಂಡವು.

ಈ ಎರಡು ಸಣ್ಣ ಪರೀಕ್ಷೆಗಳ ಮಹತ್ವವನ್ನು ಇಲ್ಲಿ ಒತ್ತಿ ಹೇಳಲೇಬೇಕು. ಬಿಳಿ ಹೋಗುತ್ತದೆ ಎಂದು ಬರುವವರಲ್ಲಿ ಎಲ್ಲರಿಗೂ ಶಿಲೀಂಧ್ರದ ಸೋಂಕು ಇರುವುದಿಲ್ಲ. ಮೀನಿನಂತಹ ವಾಸನೆಯ, ತೆಳುವಾದ ಬೂದು ಸ್ರಾವವಿದ್ದು ಪಿಎಚ್ 4.5ಕ್ಕಿಂತ ಹೆಚ್ಚಾಗಿದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರುವ ಸಂಭವ ಹೆಚ್ಚು. ನೊರೆನೊರೆಯಾದ ಹಳದಿ ಹಸಿರು ಸ್ರಾವ ಟ್ರೈಕೊಮೊನಾಸ್ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ಪರಾವಲಂಬಿಯದಾಗಿರಬಹುದು. ಇವೆರಡಕ್ಕೂ ಶಿಲೀಂಧ್ರನಾಶಕ ಕ್ರೀಮ್ ಪ್ರಯೋಜನಕ್ಕೆ ಬಾರದು. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಬರುವ, ತುರಿಕೆ ಇಲ್ಲದ ತೆಳು ಸ್ರಾವವಂತೂ ರೋಗವೇ ಅಲ್ಲ. ಆದ್ದರಿಂದ ಜೀವನದಲ್ಲಿ ಮೊದಲ ಸಲ ಇಂತಹ ತೊಂದರೆ ಕಾಣಿಸಿಕೊಂಡವರು, ಗರ್ಭಿಣಿಯರು, ಜ್ವರ, ಕೆಳಹೊಟ್ಟೆ ನೋವು, ರಕ್ತ ಅಥವಾ ಹುಣ್ಣು ಇರುವವರು ತಾವಾಗಿ ಕ್ರೀಮ್ ಕೊಂಡು ಬಳಸದೆ ಮೊದಲು ತೋರಿಸಿಕೊಳ್ಳಬೇಕು.

ಎರಡನೆಯ ಹೆರಿಗೆಯ ಸಮಯದಲ್ಲಿ ‘ಸಕ್ಕರೆ ಸ್ವಲ್ಪ ಜಾಸ್ತಿ ಐತಿ’ ಎಂದು ಹೇಳಿದ್ದರೆಂಬುದನ್ನು ಇವರು ನೆನಪಿಸಿಕೊಂಡರು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಬಂದವರು ಹೆರಿಗೆಯಾದ 6 ವಾರಕ್ಕೆ ಒಮ್ಮೆ, ಆಮೇಲೂ ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಇವರದ್ದು ಒಮ್ಮೆಯೂ ಆಗಿರಲಿಲ್ಲ. ಅಂದು ಮಾಡಿದ ಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಡೆಸಿಲೀಟರ್ ರಕ್ತಕ್ಕೆ 268 ಮಿಲಿಗ್ರಾಂ ಇತ್ತು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 9.1 ಬಂತು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಕ್ಯಾಂಡಿಡಾಗೆ ಬೇಕಾದ ಅನುಕೂಲವನ್ನೆಲ್ಲ ಒದಗಿಸುತ್ತದೆ. ತುರಿಕೆಯ ನೆಪದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗುವುದು ನಮ್ಮಲ್ಲಿ ಮೊದಲೇನಲ್ಲ, ಹಾಗಾಗಿ ಸೋಂಕು ಮರುಕಳಿಸುವವರಿಗೆ ಈ ಪರೀಕ್ಷೆ ಮಾಡಿಸದೆ ಕಳುಹಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಚ್‌ಐವಿ ಪರೀಕ್ಷೆಯನ್ನೂ ಒಪ್ಪಿಗೆ ಪಡೆದು ಮಾಡಿಸಲಾಯಿತು, ಸೋಂಕು ಇರಲಿಲ್ಲ.

ಆ ಟ್ಯೂಬಿನಲ್ಲಿ ಏನಿತ್ತು

ಮೂರನೆಯ ಟ್ಯೂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಬುಡದಿಂದ ಮೇಲಿನವರೆಗೆ ಸುರುಳಿ ಸುತ್ತಿ, ಕೊನೆಯ ಹನಿಯವರೆಗೆ ಹಿಂಡಿದ್ದ ಅದನ್ನು ಬಿಡಿಸಿ, ಸವೆದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಬೇಕಾಯಿತು. ಕ್ಲೋಬೆಟಾಸಾಲ್, ಆಫ್ಲೋಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಎಂಬ ನಾಲ್ಕು ಔಷಧಗಳನ್ನು ಬೆರೆಸಿದ ಮುಲಾಮು ಅದು. ಚರ್ಮದ ಮೇಲ್ಭಾಗಕ್ಕೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇವರಿಗೆ ಓದಲು ಬರುವುದು ಕನ್ನಡ ಮಾತ್ರ.

ಇದರಲ್ಲಿನ ಕ್ಲೋಬೆಟಾಸಾಲ್ ಅತ್ಯಂತ ಪ್ರಬಲವಾದ ಸ್ಟೀರಾಯ್ಡ್. ಅದು ಉರಿಯೂತವನ್ನು ಅದುಮುವುದರಿಂದ ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಔಷಧ ಬಹಳ ಚೆನ್ನಾಗಿದೆ ಎಂಬ ನಂಬಿಕೆಯೂ ಹುಟ್ಟುತ್ತದೆ. ಆದರೆ ಅದೇ ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕುಂದಿಸುವುದರಿಂದ ಶಿಲೀಂಧ್ರ ಒಳಗೊಳಗೆ ಬೆಳೆಯುತ್ತಲೇ ಇರುತ್ತದೆ, ದಿನ ಕಳೆದಂತೆ ಮೊದಲೇ ನಾಜೂಕಾದ ಅಲ್ಲಿನ ಚರ್ಮ ಮತ್ತಷ್ಟು ತೆಳುವಾಗಿ ಬಿರುಕು ಬಿಡುತ್ತದೆ. ಟರ್ಬಿನಾಫಿನ್ ಗಜಕರ್ಣಕ್ಕೆ ಒಳ್ಳೆಯ ಔಷಧವೇ ಆದರೂ ಕ್ಯಾಂಡಿಡಾದ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಅದಲ್ಲದೆ ಸೋಂಕು ಇದ್ದದ್ದು ಯೋನಿಯ ಒಳಗೆ, ಮುಲಾಮು ಬಿದ್ದದ್ದು ಹೊರಗೆ. ಸ್ಟೀರಾಯ್ಡ್ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಕೈಗೆ ಸಿಗದಂತೆ ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ನಿಯಮ ಬಿಗಿಗೊಳಿಸಿದ್ದರೂ ಇಂತಹ ಮಿಶ್ರಣಗಳು ಕೇಳಿದವರಿಗೆಲ್ಲ ಸಿಗುತ್ತಿರುವುದು ನೋವಿನ ಸಂಗತಿ.

ಇನ್ನು ‘ಬೆಂಕಿ ಬಿದ್ದಂಗ’ ಉರಿಯುವ ವಿಚಾರ. ಬಿರುಕು ಬಿಟ್ಟ ಚರ್ಮ ಉರಿಯುವುದು ಸಹಜ, ಆದರೆ ಇವರು ಹೇಳಿದ ಉರಿ ಒಂದೇ ರೀತಿಯದಾಗಿರಲಿಲ್ಲ. ಕೆಲಸದ ದಿನಗಳಲ್ಲಿ ರಾತ್ರಿ ಹಚ್ಚಿದಾಗ ತಾಸುಗಟ್ಟಲೆ ಉರಿಯುತ್ತಿತ್ತು, ಕೂಲಿಗೆ ಹೋಗದ ದಿನ ಅಷ್ಟಾಗಿ ಇರುತ್ತಿರಲಿಲ್ಲ. ಕೈ ತೋರಿಸಲು ಹೇಳಿದೆವು. ಉಗುರಿನ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಇವರು ಬರೀ ನೀರಿನಲ್ಲಿ ಕೈ ತೊಳೆದು ಅದೇ ಬೆರಳಿನಿಂದ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಉರಿಯ ಬಹುಪಾಲು ಔಷಧದ್ದಾಗಿರದೆ ಕೈಯ ಖಾರದ್ದಾಗಿತ್ತು. ಬ್ಯಾಡಗಿ ಸೀಮೆಯಲ್ಲಿ ಕೆಲಸ ಮಾಡುವ ಯಾವ ವೈದ್ಯರೂ, ಯಾವ ದಾದಿಯೂ ಈ ಒಂದು ಪ್ರಶ್ನೆ ಕೇಳುವುದನ್ನು ಮರೆಯಬಾರದು.

ಚಿಕಿತ್ಸೆಯ ಆಯ್ಕೆ

ಕ್ಯಾಂಡಿಡಾ ಸೋಂಕಿಗೆ ನಮ್ಮ ಮುಂದೆ ಇರುವ ದಾರಿಗಳು ಮುಖ್ಯವಾಗಿ ಎರಡು: ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಗುಳಿಗೆ, ಇಲ್ಲವೆ ಯೋನಿಯೊಳಗೆ ಬಳಸುವ ಕ್ಲೋಟ್ರಿಮಜೋಲ್, ಮೈಕೊನಜೋಲ್ ಮುಂತಾದ ಕ್ರೀಮ್ ಅಥವಾ ಒಳಗಿಡುವ ಗುಳಿಗೆ. ಸಾಮಾನ್ಯ ಸೋಂಕಿಗೆ ಇವೆರಡೂ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡುತ್ತವೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಯೋನಿ ಸ್ರಾವಕ್ಕೆಂದು ಕೊಡುವ ಹಸಿರು ಬಣ್ಣದ 2ನೇ ಸಂಖ್ಯೆಯ ಕಿಟ್‌ನಲ್ಲಿ ಇರುವುದೂ ಫ್ಲುಕೊನಜೋಲೇ, ಜೊತೆಗೆ ಬ್ಯಾಕ್ಟೀರಿಯಾ ಮತ್ತು ಟ್ರೈಕೊಮೊನಾಸ್ ಸೋಂಕಿಗೆ ಸೆಕ್ನಿಡಜೋಲ್.

ಈ ಪ್ರಕರಣದಲ್ಲಿ ಗುಳಿಗೆ ಬಿಟ್ಟು ಕ್ರೀಮ್ ಆರಿಸಲು ಕಾರಣವಿತ್ತು. ಇವರ ಮುಟ್ಟು ಕೆಲವು ದಿನ ತಡವಾಗಿತ್ತು. ಮೂತ್ರ ಪರೀಕ್ಷೆಯಲ್ಲಿ ಗರ್ಭ ಕಾಣದಿದ್ದರೂ ಅಷ್ಟು ಬೇಗ ನಿಶ್ಚಯವಾಗಿ ಹೇಳುವಂತಿರಲಿಲ್ಲ. ಗರ್ಭಿಣಿಯರಿಗೆ ಫ್ಲುಕೊನಜೋಲ್ ನುಂಗಲು ಕೊಡುವುದನ್ನು ತಪ್ಪಿಸಬೇಕು. ಕ್ಲೋಟ್ರಿಮಜೋಲ್ ಕ್ರೀಮ್ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆಯಾದ್ದರಿಂದ ಅವರಿಗೂ ಅದು ಸುರಕ್ಷಿತ. ಕ್ಲೋಟ್ರಿಮಜೋಲ್ ಶಿಲೀಂಧ್ರದ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ, ಆ ಪೊರೆ ಸೋರತೊಡಗಿ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇರುವ, ದುಬಾರಿಯಲ್ಲದ ಹಳೆಯ ಔಷಧ ಇದು. ಸಕ್ಕರೆ ಕಾಯಿಲೆ ಇಲ್ಲದ ಸಾಮಾನ್ಯ ಸೋಂಕಾಗಿದ್ದರೆ ಶೇಕಡಾ 1ರ ಯೋನಿ ಕ್ರೀಮ್ 7 ರಾತ್ರಿ ಸಾಕಾಗುತ್ತಿತ್ತು. ಸಕ್ಕರೆ ಹತೋಟಿ ತಪ್ಪಿದ್ದರಿಂದಲೂ ಬಿರುಕುಗಳಾಗುವಷ್ಟು ತೀವ್ರವಾಗಿದ್ದರಿಂದಲೂ 14 ರಾತ್ರಿ ಬಳಸಬೇಕೆಂದು ನಿರ್ಧರಿಸಲಾಯಿತು.

ಪ್ರತಿ ರಾತ್ರಿಗೆ 5 ಗ್ರಾಂ ಎಂದರೆ 30 ಗ್ರಾಮಿನ ಒಂದು ಟ್ಯೂಬ್ 6 ರಾತ್ರಿಗಷ್ಟೇ ಆಗುತ್ತದೆ. ಟ್ಯೂಬ್ ಮುಗಿದರೆ ಚಿಕಿತ್ಸೆಯೂ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಅದಕ್ಕೇ ಮೂರು ಟ್ಯೂಬ್‌ಗಳನ್ನು ಒಮ್ಮೆಗೇ ಕೊಟ್ಟು, ಪ್ರತಿಯೊಂದರ ಮೇಲೂ ಕನ್ನಡದಲ್ಲಿ ‘ಒಳಗೆ, ರಾತ್ರಿ’ ಎಂದು ಪೆನ್ನಿನಲ್ಲಿ ಬರೆದು ಕಳುಹಿಸಿದೆವು. ಹಳೆಯ ಮಿಶ್ರ ಮುಲಾಮನ್ನು ಪೂರ್ತಿ ನಿಲ್ಲಿಸಲಾಯಿತು.

ಕ್ರೀಮ್ ಬಳಸಿದ ಬಗೆ

ಅಪ್ಲಿಕೇಟರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಇವರು ಅದೇ ಮೊದಲು ನೋಡಿದ್ದು. ನಮ್ಮ ದಾದಿ ಅದನ್ನು ಕೈಗೆ ಕೊಟ್ಟು, ತುಂಬಿಸಿ, ಖಾಲಿ ಮಾಡಿ ತೋರಿಸಿದರು. ಆಮೇಲೆ ಅವರಿಂದಲೇ ಒಮ್ಮೆ ಮಾಡಿಸಿದರು. ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯುವ ಕೆಲಸ ಇದಲ್ಲ.

ಕೈಯ ಖಾರ ತೆಗೆಯುವುದೇ ಮೊದಲ ಕೆಲಸ. ಕೂಲಿಯಿಂದ ಬಂದ ಮೇಲೆ ಅಡುಗೆ ಎಣ್ಣೆಯನ್ನು ಬೆರಳು, ಉಗುರುಗಳಿಗೆ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನಿನಿಂದ ಎರಡು ಸಲ ತೊಳೆಯಬೇಕು, ಉಗುರು ಗಿಡ್ಡವಾಗಿರಬೇಕು. ಟ್ಯೂಬಿನ ಮುಚ್ಚಳದ ಮೊನೆಯಿಂದ ಬಾಯಿಯ ಪೊರೆ ಚುಚ್ಚಿ, ಕೊಳವೆಯನ್ನು ಟ್ಯೂಬಿನ ಬಾಯಿಗೆ ತಿರುಗಿಸಿ ಕೂರಿಸಿ, ನಿಧಾನವಾಗಿ ಹಿಂಡಿದರೆ ಒಳಗಿನ ದಬ್ಬುಕಡ್ಡಿ ತಾನಾಗಿ ಹಿಂದೆ ಸರಿಯುತ್ತದೆ. ಗುರುತಿನವರೆಗೆ ತುಂಬಿದ ಮೇಲೆ ಕೊಳವೆಯನ್ನು ಬಿಡಿಸಿಕೊಂಡು, ಅಂಗಾತ ಮಲಗಿ ಮೊಣಕಾಲು ಮಡಚಿ, ನೋವಾಗದೆ ಹೋಗುವಷ್ಟು ದೂರ ಮಾತ್ರ ಒಳಗೆ ಸೇರಿಸಿ, ಕಡ್ಡಿಯನ್ನು ಪೂರ್ತಿ ಒತ್ತಬೇಕು; ಒತ್ತಿದ ಹಾಗೆಯೇ ಕೊಳವೆಯನ್ನು ಹೊರಗೆ ತೆಗೆಯಬೇಕು. ಗರ್ಭಿಣಿಯರಾದರೆ ಕೊಳವೆ ಬಳಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು, ಗರ್ಭಕೋಶದ ಬಾಯಿಗೆ ತಾಗುವಂತೆ ಬಲವಾಗಿ ಒತ್ತಲೇಬಾರದು. ಹೊರಗಿನ ಕೆಂಪಾದ ಚರ್ಮಕ್ಕೆ ಅದೇ ಕ್ರೀಮನ್ನು ತೆಳುವಾಗಿ, ಉಜ್ಜದೆ ಸವರಬೇಕು. ಮರುಬಳಕೆಯ ಕೊಳವೆಯಾಗಿದ್ದರೆ ಕಡ್ಡಿಯನ್ನು ಬೇರ್ಪಡಿಸಿ, ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಬೇಕು. ಕುದಿಸಿದರೆ ಅದು ಸೊಟ್ಟಗಾಗುತ್ತದೆ. ಒಬ್ಬರ ಕೊಳವೆಯನ್ನು ಇನ್ನೊಬ್ಬರು ಮುಟ್ಟಬಾರದು.

ಮಲಗುವ ಹೊತ್ತಿನಲ್ಲೇ ಹಾಕಿಕೊಳ್ಳಬೇಕೆಂದಾಗ ಅವರು ಸುಮ್ಮನಾದರು. ಒತ್ತಾಯಿಸಿ ಕೇಳಿದಾಗ, ಮನೆಯಲ್ಲಿರುವುದು ಒಂದೇ ಪಡಸಾಲೆ, ಅತ್ತೆ, ಮಕ್ಕಳು ಎಲ್ಲರೂ ಸಾಲಾಗಿ ಮಲಗುತ್ತಾರೆ ಎಂದರು. ಪುಸ್ತಕದಲ್ಲಿ ಹೇಳಿದ ಭಂಗಿಗೆ ಅಲ್ಲಿ ಜಾಗವಿಲ್ಲ. ಬಚ್ಚಲಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತೋ, ಒಂದು ಕಾಲನ್ನು ಕಟ್ಟೆಯ ಮೇಲಿಟ್ಟು ನಿಂತೋ ಹಾಕಿಕೊಂಡು ನೇರವಾಗಿ ಬಂದು ಮಲಗಬಹುದೆಂದು ದಾದಿ ಹೇಳಿದಾಗಲೇ ಅವರ ಮುಖ ಸಡಿಲವಾಯಿತು. ಬೆಳಿಗ್ಗೆ ಸ್ವಲ್ಪ ಬಿಳಿ ಕ್ರೀಮ್ ಹೊರಬರುವುದು ರೋಗವಲ್ಲ, ಅದಕ್ಕಾಗಿ ಒಳಗೆ ತೊಳೆಯಬಾರದು, ಶುಭ್ರವಾದ ಹತ್ತಿಯ ಬಟ್ಟೆ ಅಥವಾ ಪ್ಯಾಡ್ ಇಟ್ಟುಕೊಂಡರೆ ಸಾಕು ಎಂಬುದನ್ನೂ ವಿವರಿಸಲಾಯಿತು. ಆಂಟಿಸೆಪ್ಟಿಕ್ ದ್ರಾವಣವನ್ನು ಬಿಡಿಸಿದೆವು. ಹೊರಭಾಗಕ್ಕೆ ಬರೀ ನೀರು ಸಾಕು. ಒಳಭಾಗಕ್ಕೆ ಅದೂ ಬೇಕಾಗಿಲ್ಲ.

ನಿರೋಧ್ ವಿಷಯವನ್ನು ಹೇಳದೆ ಬಿಟ್ಟಿದ್ದರೆ ಬೇರೊಂದು ತೊಂದರೆಗೆ ದಾರಿಯಾಗುತ್ತಿತ್ತು. ಯೋನಿ ಕ್ರೀಮಿನಲ್ಲಿರುವ ಜಿಡ್ಡಿನ ಅಂಶ ಲ್ಯಾಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುವುದರಿಂದ, ಬಳಸುವಷ್ಟು ದಿನವೂ ಮುಗಿದ ಮೇಲೆ ಕನಿಷ್ಠ 5 ದಿನವೂ ಅದನ್ನು ನಂಬುವಂತಿಲ್ಲ. ಅಷ್ಟು ದಿನ ಕೂಡದಿರುವುದೇ ಒಳ್ಳೆಯದು, ಗಾಯ ಆರುವುದಕ್ಕೂ ಅದು ಅನುಕೂಲ. ಗಂಡನನ್ನು ಕರೆದು ಇದನ್ನು ಹೇಳಿದೆವು. ಇದು ಲೈಂಗಿಕ ರೋಗವಲ್ಲ, ಯಾರಿಂದಲೋ ಬಂದದ್ದಲ್ಲ, ತುರಿಕೆಯಾಗಲಿ ಕೆಂಪಾಗಲಿ ಇಲ್ಲದ ಅವರಿಗೆ ಚಿಕಿತ್ಸೆಯ ಅಗತ್ಯವೂ ಇಲ್ಲ ಎಂದಾಗ ಇಬ್ಬರೂ ನಿರಾಳರಾದರು. ಆ ಎರಡು ತಿಂಗಳಲ್ಲಿ ಒಬ್ಬರ ಮೇಲೊಬ್ಬರಿಗೆ ಸಂಶಯ ಬೆಳೆದಿತ್ತೆಂದು ಗೊತ್ತಾದದ್ದು ಆಗಲೇ.

ಮುಟ್ಟಿನ ರಕ್ತದೊಡನೆ ಔಷಧ ಹೊರಹೋಗಬಹುದಾದ್ದರಿಂದ ಮುಟ್ಟಿಗೆ ಮೊದಲೇ ಚಿಕಿತ್ಸೆ ಮುಗಿಯುವಂತೆ ನೋಡಿಕೊಳ್ಳುವುದು ಮೇಲು. ನಡುವೆ ಬಂದರೆ ವೈದ್ಯರನ್ನು ಕೇಳಬೇಕು, ಒಳಗಿಡುವ ಟ್ಯಾಂಪನ್ ಬಳಸದೆ ಪ್ಯಾಡ್ ಬಳಸಬೇಕು. ಮೊದಲೆರಡು ದಿನ ಸಣ್ಣಗೆ ಉರಿಯಬಹುದು. ಊತ, ಗುಳ್ಳೆ, ತಡೆಯಲಾರದ ಉರಿ ಬಂದರೆ ನಿಲ್ಲಿಸಿ ಬರಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮೈಕೊನಜೋಲ್ ಕ್ರೀಮನ್ನು ಸಹ ಕೇಳದೆ ಬಳಸಬಾರದು. ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲವಾದರೂ ಓದುವವರ ಮನೆಯಲ್ಲಿ ಅಂತಹ ಹಿರಿಯರು ಇರಬಹುದೆಂದು ಇಲ್ಲಿ ಸೇರಿಸಿದ್ದೇನೆ.

ಸಕ್ಕರೆ ಕಾಯಿಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೆಟ್‌ಫಾರ್ಮಿನ್ ಶುರುವಾಯಿತು. ಈಚೆಗೆ ಬಹಳ ಬಳಕೆಗೆ ಬಂದಿರುವ ಡಾಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಇದೇ ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ಸದ್ಯಕ್ಕೆ ಅದು ಬೇಡವೆಂದು ಅಲ್ಲಿನ ವೈದ್ಯರಿಗೆ ಬರೆದು ತಿಳಿಸಿದೆವು.

ಮುಂದಿನ ಭೇಟಿಗಳು

ನಾಲ್ಕನೆಯ ದಿನ ಆಶಾ ಕಾರ್ಯಕರ್ತೆಯ ಫೋನಿನಿಂದ ಮಾತನಾಡಿದರು. “ಭಾಳ ಕಡಿಮಿ ಆಗೈತ್ರಿ ಮೇಡಂರೀ, ಉರಿನೂ ಇಲ್ಲ. ಇನ್ನ ಬಿಟ್ರ ನಡೀತೈತೇನ್ರಿ?” ಎಂದು ಕೇಳಿದರು. ಅಂಗಡಿಯಿಂದ ತಂದಿದ್ದ ಮೂರು ಟ್ಯೂಬ್‌ಗಳೂ ನಿಂತದ್ದು ಇದೇ ಹಂತದಲ್ಲಿ. ತುರಿಕೆ ನಿಂತ ಮಾತ್ರಕ್ಕೆ ಶಿಲೀಂಧ್ರ ಹೋಗಿರುವುದಿಲ್ಲ, 14 ರಾತ್ರಿ ಮುಗಿಸಲೇಬೇಕು ಎಂದು ತಿಳಿಸಿದೆವು. ಕ್ಯಾಲೆಂಡರಿನಲ್ಲಿ ರಾತ್ರಿಗೊಂದು ಗೀಟು ಎಳೆಯಲು ಅವರ ಮಗಳಿಗೆ ಒಪ್ಪಿಸಿದ್ದಾರೆಂದು ಆಶಾ ಕಾರ್ಯಕರ್ತೆ ಹೇಳಿದರು, ಯಾವುದರ ಗೀಟೆಂದು ಮಗಳಿಗೆ ಗೊತ್ತಿರಲಿಲ್ಲ.

ಚಿಕಿತ್ಸೆ ಮುಗಿದ ಮೇಲಿನ ಭೇಟಿಯಲ್ಲಿ ಬಿರುಕುಗಳು ಕೂಡಿದ್ದವು, ಸ್ರಾವ ಸಹಜವಾಗಿತ್ತು, ಸೂಕ್ಷ್ಮದರ್ಶಕದಲ್ಲಿ ಯೀಸ್ಟ್ ಕಾಣಲಿಲ್ಲ. ಅಷ್ಟರಲ್ಲಿ ಮುಟ್ಟೂ ಬಂದಿದ್ದರಿಂದ ಗರ್ಭದ ಸಂಶಯ ಬಗೆಹರಿಯಿತು. ಒಂದು ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಸೋಂಕು ಮರುಕಳಿಸಿದರೆ ಯಾವ ಜಾತಿಯ ಕ್ಯಾಂಡಿಡಾ ಎಂಬುದನ್ನು ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ತಿಳಿದು, ವಾರಕ್ಕೊಂದು ಫ್ಲುಕೊನಜೋಲ್ ಗುಳಿಗೆಯನ್ನು 6 ತಿಂಗಳು ಕೊಡುವ ಪದ್ಧತಿ ಇದೆ. ಇವರಿಗೆ ಆ ಅಗತ್ಯ ಬೀಳಲಿಲ್ಲ.

ಮೇ ತಿಂಗಳಲ್ಲಿ ಮತ್ತೆ ತುರಿಕೆ ಕಾಣಿಸಿಕೊಂಡಿತು. ಈ ಸಲ ಅಂಗಡಿಗೆ ಯಾರನ್ನೂ ಕಳಿಸದೆ ನೇರವಾಗಿ ಬಂದರು. ಸ್ರಾವ ಸಹಜವಾಗಿತ್ತು, ಪರೀಕ್ಷೆಯಲ್ಲಿ ಶಿಲೀಂಧ್ರವಿರಲಿಲ್ಲ. ತೊಡೆಸಂದಿಯ ಚರ್ಮ ಮಾತ್ರ ಕೆಂಪಾಗಿತ್ತು. ಕೇಳುತ್ತ ಹೋದಾಗ ಒಳಉಡುಪು ಒಗೆಯಲು ಹೊಸ ಸುವಾಸನೆಯ ಸೋಪಿನ ಪುಡಿ ಬಳಸುತ್ತಿದ್ದುದು ತಿಳಿಯಿತು. ಕ್ರೀಮ್ ಕೊಡಲಿಲ್ಲ. ಪುಡಿಯನ್ನು ಬದಲಿಸಿ, ಬಟ್ಟೆಯನ್ನು ಎರಡು ಸಲ ಜಾಲಿಸಿ ಬಿಸಿಲಿಗೆ ಒಣಗಿಸಲು ಹೇಳಿದೆವು. ವಾರದೊಳಗೆ ತುರಿಕೆ ನಿಂತಿತೆಂದು ಅವರೇ ಫೋನ್ ಮಾಡಿ ತಿಳಿಸಿದರು. ಆ ಹೊತ್ತಿಗೆ ಎಚ್‌ಬಿಎ1ಸಿ ಶೇಕಡಾ 7.4ಕ್ಕೆ ಇಳಿದಿತ್ತು.